ಬಾಗಿಲ ಮುಂದಿನ ಗುಲ್ಚೀನ್

ಸಾಧಿಕ್ ಅಣ್ಣಿಗೇರಿಯಿಂದ ಅಕ್ಕನ ಮನೆಗೆ ಬರುವಾಗ ಮೋಟರ್ ಸೈಕಲ್ಲಿನ ಹಿಂದೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಟೊಂಗೆಯನ್ನು ಕಟ್ಟಿಕೊಂಡು ಬಂದ. ಆಳಿನ ಎದೆಮಟ್ಟ ಉದ್ದ, ಮಣಿಕಟ್ಟಿನಷ್ಟು ದಪ್ಪ, ಎಲೆ ಒಂದೂ ಇಲ್ಲ. ಸಂಶಿಯ ಹತ್ತಿರದ ಆ ಊರಿನ ಓಣಿಯಲ್ಲಿ ಅದನ್ನು ಕಂಡವರು ಬೇಲಿಗೆ ಗೂಟ ತಂದಿದ್ದಾನೆ ಅಂದುಕೊಂಡರು. ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ತಬಸುಮ್ ಮಾತ್ರ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬಂದು, ಮಲಗಿದ ಕೂಸನ್ನು ಇಸಿದುಕೊಳ್ಳುವವಳ ಹಾಗೆ ಎರಡೂ ಕೈ ಚಾಚಿದಳು.

"ಕಡದೇನು?" ಎಂದಳು ತಮ್ಮನಿಗೆ, ಮೆಲ್ಲಗೆ.

"ನಾ ಯಾಕ ಕಡೀಲಿ ಅಕ್ಕಾ. ಕರೆಂಟಿನವರು ವೈರಿಗೆ ತಾಗತೈತಂತ ಸವರಿದ್ರು. ಅವ್ವನ ಖಬರದ ತಲಿದಿಕ್ಕಿನ ಗಿಡದ್ದು. ಬಿದ್ದಿತ್ತು, ತಂದೆ. ಹಾಲು ಇನ್ನಾ ಸೋರಾಕತ್ತೈತಿ, ಕಣ್ಣಿಗೆ ಹತ್ತಿಸ್ಕೋಬ್ಯಾಡ."

ಅವರ ತಾಯಿ ಫಾತಿಮಾಬಿ ತೀರಿಕೊಂಡದ್ದು ಹಿಂದಿನ ಮಳೆಗಾಲದಲ್ಲಿ. ಅವರ ಕಡೆ ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿಯಿಲ್ಲ. ತವರಿಗೆ ಹೋದಾಗಲೆಲ್ಲ ತಬಸುಮ್ ಕಾಂಪೌಂಡಿನ ಹೊರಗೆ ನಿಂತು, ಗೋಡೆಯ ಮೇಲೆ ಕಾಣುತ್ತಿದ್ದ ಗುಲ್ಚೀನ್ ಮರದ ನೆತ್ತಿಯನ್ನಷ್ಟೇ ನೋಡಿ ಬರುತ್ತಿದ್ದಳು. ಅದರ ಬುಡದಲ್ಲಿ ಅವ್ವ ಮಲಗಿದ್ದಾಳೆ ಎಂದು ತಮ್ಮ ಹೇಳಿದ್ದ. ಆ ಮರದ ಒಂದು ಟೊಂಗೆ ತಾನು ದಿನಾ ಕಸ ಹೊಡೆಯುವ ಅಂಗಳದಲ್ಲಿ ಚಿಗುರಬೇಕು, ಇಷ್ಟೇ ಅವಳ ಆಸೆ. ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ತಮ್ಮನಿಗೆ ಬೇಸರ ತರಿಸಿದ್ದಳು.

ಹಸಿ ಟೊಂಗೆಯನ್ನು ಹಾಗೇ ನೆಟ್ಟರೆ ಕೊಳೆಯುತ್ತದೆ, ಕೊಯ್ದ ಬಾಯಿ ಒಣಗಿ ಮುಚ್ಚಿಕೊಳ್ಳಬೇಕು ಎಂದು ಅವಳಿಗೆ ಗೊತ್ತಿತ್ತು. ಕೋಳಿಗೂಡಿನ ಪಕ್ಕದ ನೆರಳಿನಲ್ಲಿ ಒರಗಿಸಿಟ್ಟಳು. ಮರುದಿನ ಬೆಳಗ್ಗೆ ಕೋಳಿ ಬಿಡಲು ಬಂದ ಅತ್ತೆ ಜಮಾಲಬಿಯ ಕಣ್ಣಿಗೆ ಅದು ಬಿತ್ತು.

"ಏನಿದು, ಒಲಿಗೆ ಹಚ್ಚೂ ಕಟಗಿ ಏನು?"

"ಅಲ್ಲರಿ ಅತ್ತೀ. ಗಿಡ. ಗುಲ್ಚೀನ್."

ಜಮಾಲಬಿ ಕೈಯಲ್ಲಿದ್ದ ನುಚ್ಚನ್ನು ಒಮ್ಮೆಲೇ ಕೋಳಿಗಳಿಗೆ ಚೆಲ್ಲಿಬಿಟ್ಟಳು. "ಗೋರಿ ಮ್ಯಾಲಿನ ಗಿಡ. ನಿಮ್ಮ ತಮ್ಮ ಬಂದು ಚಾ ಕುಡದು ಸುಮ್ಮನ ಹ್ವಾದ ಅಂದುಕೊಂಡಿದ್ದೆ ನಾ. ಇದರಾಗ ಜಿನ್ನ ಕೂಡ್ತಾವ. ಎಲಿ ಉದುರಿದ ಮ್ಯಾಲ ನೋಡೀದೇನು ಅದನ್ನ? ಎಲುವಿನ ಹಂಗ ನಿಂತಿರತೈತಿ. ಗುಡಗೇರಿಯವರು ಫರಹತ್‌ನ ನೋಡಾಕ ಬರೂದೈತಿ. ಬಾಗಲದಾಗ ಇದನ್ನ ಕಂಡ್ರ ಚಾ ಸೈತ ಮುಟ್ಟದ ಎದ್ದು ಹೋಗ್ತಾರ."

ಮಗ್ಗುಲ ಮನೆಯ ರೇವವ್ವ ಹೂವಿನ ಬುಟ್ಟಿ ಹಿಡಿದು ಗಿಡ್ಡ ಗೋಡೆಯ ಆಚೆ ನಿಂತಿದ್ದವಳು ಕತ್ತು ಚಾಚಿದಳು. "ದೇವಗಣಗಲ ಅಲ್ಲೇನು ಅದು? ಹಚ್ಚಬೇ ತಬಸುಮ್. ನಮ್ಮ ಪೂಜಾಕ್ಕ ನಾಕು ಹೂವಾದ್ರೂ ಸಿಗ್ತಾವು."

"ಪೂಜಾಕ್ಕ ಬೇಕಾದ್ರ ನಿಮ್ಮ ಹಿತ್ತಲದಾಗ ಹಚ್ಚಿಕೊಳ್ರಿ ರೇವವ್ವ," ಎಂದಳು ಜಮಾಲಬಿ.

"ನಮ್ಮ ಹಿತ್ತಲದಾಗ ಎಮ್ಮಿ ಐತಲ್ಲ. ಅದಕ್ಕ ದೇವರ ಹೂ ಯಾವುದು, ಹೊಟ್ಟು ಯಾವುದು, ತಿಳೀಬೇಕಲ್ಲ."

ಅಂದು ರಾತ್ರಿಯ ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾವ ಮಾಬುಸಾಬ ರೊಟ್ಟಿ ಮುರಿಯುತ್ತ ಕುಳಿತಿದ್ದ. ಹರೆಯವನ್ನೆಲ್ಲ ಮಗ್ಗದ ಮುಂದೆ ಕಳೆದವನು; ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲವೆಂದು ಕಲಿತು, ಮಗ್ಗ ನಿಂತು ಹೊಲಕ್ಕೆ ಹೋಗತೊಡಗಿದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಸಂಶಿ, ಗುಡಗೇರಿ ನಡುವೆ ಟಂಟಂ ಓಡಿಸುವ ಮಗ ಜಾಕೀರ್‌ಗೆ ಮನೆಗೆ ಬಂದ ಮೇಲೆ ಜಗಳ ಕೇಳುವಷ್ಟು ಕಸುವು ಉಳಿದಿರುತ್ತಿರಲಿಲ್ಲ.

"ಹೊಲದ ಬದುವಿಗೆ ಹಚ್ಚಿಬಿಡು. ಮುಗೀತು," ಎಂದ ಜಾಕೀರ್ ಹೆಂಡತಿಗೆ.

"ಹೊಲದಾಗ ಇದ್ರ ನನಗೇನು, ಅಣ್ಣಿಗೇರ್ಯಾಗ ಇದ್ರ ನನಗೇನು?"

"ಕಟಗಿ ಸಲುವಾಗಿ ಇಷ್ಟು ಮಾತು ಬೇಕೇನ?"

"ಕಟಗಿ ಅಂತ ನೀವೂ ಅನ್ರಿ."

ನಾದಿನಿ ಫರಹತ್ ನೀರಿನ ತಂಬಿಗೆ ಇಡುತ್ತ, "ಅಮ್ಮಾ, ನನ್ನ ನೋಡಾಕ ಬರೂ ಮಂದಿ ನನ್ನ ನೋಡ್ತಾರೋ ಗಿಡ ನೋಡ್ತಾರೋ?" ಎಂದಳು. ಅವಳು ಸಂಶಿಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ, ನಾಲಿಗೆಯೂ ಕತ್ತರಿಯಂತೆ ಚುರುಕು.

ಜಮಾಲಬಿ ಮಗಳನ್ನೂ ಸೊಸೆಯನ್ನೂ ಒಂದೇ ಕಣ್ಣಲ್ಲಿ ದುರುಗುಟ್ಟಿ ನೋಡಿದಳು. ಕೊನೆಗೆ, "ಹಿಂದ ಬಚ್ಚಲದ ಬಾಜು ಹಚ್ಚು. ಬಂದವರ ಕಣ್ಣಿಗೆ ಬೀಳಬಾರದು. ನನ್ನ ಕಣ್ಣಿಗೂ," ಎಂದು ತೀರ್ಪು ಕೊಟ್ಟು ಹಂಚು ಇಳಿಸಿದಳು.

ಟೊಂಗೆಯ ಬಾಯಿ ಗಟ್ಟಿಯಾಗಿ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ತಬಸುಮ್ ಬಚ್ಚಲಿನ ಪಕ್ಕದ ಎರೆಮಣ್ಣಿನಲ್ಲಿ ಗುಂಡಿ ತೋಡಿ ನೆಟ್ಟಳು. ಅತ್ತಿತ್ತ ಅಲುಗದಂತೆ ಮಗ್ಗದ ಹಳೆಯ ಕೋಲೊಂದನ್ನು ಊರುಗೋಲಾಗಿ ಕಟ್ಟಿದಳು. ರಮಜಾನ್ ಹತ್ತಿರ ಬರುತ್ತಿದ್ದಂತೆ ಟೊಂಗೆಯ ತುದಿಯಲ್ಲಿ ಹಸಿರು ಮೂಡಿತು, ಹಕ್ಕಿಮರಿಯ ಕೊಕ್ಕಿನ ಹಾಗೆ ಚೂಪಾಗಿ. ಅವಳು ಪಾತ್ರೆ ತೊಳೆಯಲು ಹಿಂದೆ ಹೋದವಳು ತಿರುಗಿ ಬರುವುದು ತಡವಾಗತೊಡಗಿತು.

ಉಪವಾಸ ಅರ್ಧಕ್ಕೆ ಬಂದಾಗ ಆ ಎಲೆಗಳು ಜೋತುಬಿದ್ದವು. ಬುಡ ಒತ್ತಿದರೆ ಬೆರಳು ಒಳಗೆ ಹೋಯಿತು. ಸಿಪ್ಪೆ ಕಪ್ಪಾಗಿ ಸುಲಿದು ಬಂದು, ಒಳಗಿಂದ ಹಾಲಿನ ಬದಲು ನಾರುವ ನೀರು ಒಸರಿತು. ಬಚ್ಚಲಿನ ಕಲ್ಲಿನ ಮೇಲೆ ಗಂಜಿಯ ಪಾತ್ರೆ ಬೋರಲು ಬಿದ್ದಿತ್ತು. ತಬಸುಮ್‌ಗೆ ಅಷ್ಟು ಸಾಕಾಯಿತು.

"ಗಿಡಕ್ಕ ಏನ ಹಾಕೀರಿ ಅತ್ತೀ?" ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಯಾವ ಗಿಡಕ್ಕ?"

"ಕುದಿಯೂ ಗಂಜಿ ಸುರವೀರಿ. ಬುಡ ಬೆಂದು ಹೋಗೈತಿ. ಬ್ಯಾಡ ಅಂದಿದ್ರ ಕಿತ್ತು ಒಗೀಬಹುದಿತ್ತು. ಕಳ್ಳತನದಿಂದ ಯಾಕ ಕೊಲ್ಲಬೇಕಿತ್ತು?"

ಜಮಾಲಬಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ರೋಜಾ ಇದ್ದೀನಿ. ಬಾಯಿ ಬಿಚ್ಚಿಸಬ್ಯಾಡ."

"ನಾನೂ ಇದ್ದೀನ್ರಿ."

"ಹಂಗಾದ್ರ ನಿನ್ನ ರೋಜಾ ಈಗ ಮುರೀತು. ಮಾಡದ್ದು ಮಾಡ್ಯಾರ ಅಂದವರದು ಮುರೀತೈತಿ."

ಅಷ್ಟೇ. ಆಮೇಲೆ ಆ ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ರೊಟ್ಟಿ ಒಬ್ಬಳು ಬಡಿದರೆ ಪಲ್ಯ ಇನ್ನೊಬ್ಬಳು ಮಾಡಿದಳು. ಉಪ್ಪು ಬೇಕಾದರೆ ಫರಹತ್‌ಳ ಕೈಯಲ್ಲಿ ಕೇಳಿಸಿದರು. "ನಾ ಏನು ಪೋಸ್ಟಮನ್ ಏನ?" ಎಂದು ಫರಹತ್ ಡಬ್ಬಿಯನ್ನು ನಡುವೆ ಕುಕ್ಕಿದಳು. ಬೇರೆ ಒಲೆ ಹೂಡುವ ಮಾತು ಜಾಕೀರ್‌ನ ಬಾಯಿಗೆ ಬಂದು, ಅವ್ವನ ಮುಖ ನೋಡಿ ಒಳಗೇ ಉಳಿಯಿತು.

ಒಂದು ಸಂಜೆ ಎಲ್ಲರೂ ಖರ್ಜೂರ, ಗಂಜಿ, ಮಿರ್ಚಿ ಭಜಿ ಮುಂದಿಟ್ಟುಕೊಂಡು ಬಾಂಗಿಗೆ ಕಾಯುತ್ತ ಕುಳಿತಿದ್ದರು. ಮಾಬುಸಾಬ ಖರ್ಜೂರವನ್ನು ಕೈಯಲ್ಲಿ ಹಿಡಿದು ತಿರುವುತ್ತಲೇ ಇದ್ದ. ಬಾಂಗು ಕೇಳಿತು. ಉಳಿದವರು ಬಾಯಿಗೆ ಹಾಕಿಕೊಂಡರು, ಅವನು ಹಾಕಿಕೊಳ್ಳಲಿಲ್ಲ.

"ಗಿಡ ನಾ ಕೊಂದದ್ದು," ಎಂದ.

ಯಾರಿಗೂ ತಟ್ಟನೆ ಅರ್ಥವಾಗಲಿಲ್ಲ.

"ನಮಾಜಿಗೆ ಕೈಕಾಲು ತೊಳದು ವಜೂ ಮಾಡಿದ ನೀರು ಗಟಾರಕ್ಕ ಬಿಡಬಾರದು, ಮಂದಿ ತುಳೀಬಾರದು. ಮೊದಲ ಅದನ್ನ ಕರಿಬೇವಿಗೆ ಹಾಕ್ತಿದ್ದೆ. ಆಮ್ಯಾಲ ಇದಕ್ಕ ಹಾಕಾಕ ಹತ್ತಿದೆ. ಬೀಗತಿ ಗಿಡ, ಚೊಲೋ ನೀರ ಕುಡೀಲಿ ಅಂದೆ. ರಮಜಾನದಾಗ ನಮಾಜೂ ಹೆಚ್ಚು, ನೀರೂ ಹೆಚ್ಚಾತು. ಎರೀಮಣ್ಣು, ಕುಡದ ನೀರು ಬಿಡಂಗಿಲ್ಲ. ಇವತ್ತು ಬುಡ ಕೆದರಿ ನೋಡಿದೆ. ಕೆಸರಾಗಿತ್ತು." ಅವನು ಹೆಂಡತಿಯ ಕಡೆ ನೋಡಿದ. "ಇಕಿ ಅದರ ಹಂತೇಕ ಹೋಗಿಲ್ಲ ತಬಸುಮ್. ಹೇಳಬೇಕು ಅನ್ನೂದ್ರಾಗ ಇಷ್ಟು ದಿನ ಹ್ವಾದ್ವು."

ಮಾವನ ಮಾತು ಅಷ್ಟುದ್ದ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ತಬಸುಮ್ ಎದ್ದು, ಅತ್ತೆಯ ಮುಂದೆ ಕುಳಿತಳು. "ತಪ್ಪಾತ್ರಿ ಅತ್ತೀ. ನಿಮ್ಮ ಮ್ಯಾಲ ಹೇರಿದೆ."

ಜಮಾಲಬಿ ಗಂಜಿ ಕುಡಿಯುವುದನ್ನು ನಿಲ್ಲಿಸಲಿಲ್ಲ. ಬಟ್ಟಲು ಬರಿದು ಮಾಡಿ ಕೆಳಗಿಟ್ಟಳು. "ಪೂರಾ ಸತ್ತೈತೇನು?"

"ಮ್ಯಾಲಿನ ಅರ್ಧ ಇನ್ನಾ ಗಟ್ಟಿ ಐತ್ರಿ."

"ಕೊಯ್ದು ಒಣಗಿಸು. ಈ ಸಲ ಹಿಂದ ಬ್ಯಾಡ. ಬಾಗಲಮುಂದ ಹಚ್ಚು, ಅಗದಿ ನಟ್ಟನಡುವ. ಹೋಗೂ ಬರೂ ಮಂದೆಲ್ಲ ನೋಡ್ಲಿ. ಇನ್ನೊಮ್ಮೆ ಸತ್ತರ ಯಾರು ಕೊಂದ್ರು ಅಂತ ಊರಿಗೆ ಗೊತ್ತಾಗ್ಲಿ. ನನ್ನ ಹೆಸರು ಯಾರೂ ಹಿಡೀಬಾರದು."

"ಗುಡಗೇರಿಯವರು?" ಎಂದ ಜಾಕೀರ್.

"ಅವರು ಬಂದಾಗ ನೋಡೂಣು. ಮೊದಲ ನನ್ನ ಮ್ಯಾಲಿನ ಮಾತು ತೊಳೀಬೇಕು."

ಹೀಗೆ, ಮನಸ್ಸು ಮೆತ್ತಗಾಗಿ ಅಲ್ಲ, ಹಟಕ್ಕೆ ಬಿದ್ದು ಜಮಾಲಬಿ ಗುಲ್ಚೀನನ್ನು ಬಾಗಿಲಿಗೆ ತಂದಳು. ತಬಸುಮ್ ಕುಡುಗೋಲಿನಿಂದ ಕಪ್ಪು ಭಾಗವನ್ನು ಸವರುತ್ತ ಹೋದಳು. ಬೆಳ್ಳಗಿನ ತಿರುಳು ಕಂಡು, ಸುತ್ತಲೂ ಹಾಲು ಹನಿಹನಿಯಾಗಿ ಜಿನುಗಿದಾಗ ಕುಡುಗೋಲನ್ನು ಬದಿಗಿಟ್ಟಳು. ಹಬ್ಬ ಮುಗಿದ ಮೇಲೆ ಜಾಕೀರ್ ಟಂಟಂನಲ್ಲಿ ಗರಸು ತಂದು ಸುರಿದ. ರಸ್ತೆಗೆ ಹಾಕುವ ಆ ಕೆಂಪು ಹರಳುಮಣ್ಣನ್ನು ಮೊಣಕಾಲೆತ್ತರಕ್ಕೆ ದಿಬ್ಬ ಮಾಡಿ, ನೀರು ನಿಲ್ಲದೆ ಇಳಿದು ಹೋಗುವಂತೆ ಅದರ ನಡುವೆ ಟೊಂಗೆಯನ್ನು ಊರಿದರು.

ಅಲ್ಲಿಂದ ಜಮಾಲಬಿಯ ಕಾವಲು ಶುರುವಾಯಿತು. ಆಡು ಹತ್ತಿರ ಬಂದರೆ ಕಲ್ಲು. ಕೋಳಿ ಕೆದರಿದರೆ ಬೈಗುಳ. ಮಾಬುಸಾಬ ತಂಬಿಗೆ ಹಿಡಿದು ಹೊರಗೆ ಬಂದರೆ, "ಕರಿಬೇವು ಆ ಕಡೆ ಐತಿ," ಎಂದು ಒಳಗಿಂದಲೇ ಕೂಗುತ್ತಿದ್ದಳು. ಓಣಿಯ ಹೆಂಗಸರು ಕೇಳಿದರೆ, "ನಮ್ಮ ಸೊಸಿದು," ಎಂದು ಹೇಳಿ ಮುಂದಿನ ಮಾತಿಗೆ ಎಡೆ ಕೊಡುತ್ತಿರಲಿಲ್ಲ. ತಬಸುಮ್ ಬೆಳಗ್ಗೆ ಕಸ ಹೊಡೆಯುವಾಗ ದಿಬ್ಬದ ಸುತ್ತ ಕಸಬರಿಗೆ ನಿಧಾನವಾಗುತ್ತಿತ್ತು, ಅವಳ ತುಟಿ ಏನೋ ಮಾತಾಡುತ್ತಿತ್ತು. ಜಮಾಲಬಿ ಅದನ್ನು ನೋಡಿದರೂ ಏನೆಂದು ಕೇಳಲಿಲ್ಲ.

ಬಿಸಿಲು ನೆತ್ತಿ ಸುಡುವ ದಿನಗಳಲ್ಲಿ ಟೊಂಗೆ ಉದ್ದುದ್ದ ಎಲೆ ಬಿಟ್ಟಿತು. ಮುಂಗಾರಿನ ಮೊದಲ ಮಳೆಗೆ ಎಲೆಗಳ ನಡುವಿಂದ ಹೂವಿನ ಗೊಂಚಲು ಮೇಲೆದ್ದಿತು. ಬಿಳಿಯ ಎಸಳು, ನಡುವೆ ಹಳದಿ. ಅದರ ವಾಸನೆ ಸಂಜೆಯ ಹೊತ್ತು ಅಡಿಗೆಮನೆಯವರೆಗೂ ಬಂತು. ಬಿದ್ದ ಹೂವುಗಳನ್ನು ತಬಸುಮ್ ಆರಿಸಿ, ತೊಟ್ಟಿನ ಹಾಲು ಆರುವ ತನಕ ಮೊರದಲ್ಲಿ ಹರವಿಟ್ಟು, ಒಂದು ಪಾಲು ರೇವವ್ವನಿಗೆ ಕೊಟ್ಟಳು.

ಅದೇ ವಾರ ಗುಡಗೇರಿಯವರು ಬಂದರು. ವರನ ತಂದೆ ನಿಜಾಮಸಾಬ, ತಾಯಿ ಮುಸರತ್. ಮುಸರತ್ ಹೊಸ್ತಿಲ ಹೊರಗೇ ನಿಂತು ಗಿಡವನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಬಂದು ಕುಳಿತಳು, ಫರಹತ್ ತಂದ ಚಹಾ ಕುಡಿದಳು, ಹೊಲಿಗೆಯ ಕೆಲಸ ಕೇಳಿದಳು, ಮೆಚ್ಚಿಕೊಂಡಳು. ಮಾತೆಲ್ಲ ಹದಕ್ಕೆ ಬಂದ ಮೇಲೆ ಬಟ್ಟಲು ಕೆಳಗಿಟ್ಟು, "ಹುಡುಗಿ ನಮಗ ಪಸಂದ ಐತ್ರಿ. ಒಂದ ಮಾತು. ಬಾಗಲದಾಗಿನ ಆ ಗೋರಿ ಗಿಡ ತಗಿಸಿಬಿಡ್ರಿ. ನಾಳೆ ನಮ್ಮ ಮಂದಿ ಬರ್ತಾರ. ಶುಭಕಾರ್ಯದಾಗ ಕಣ್ಣಿಗೆ ಬೀಳಬಾರದು," ಎಂದಳು.

ಅಡಿಗೆಮನೆಯ ಕದದ ಹಿಂದೆ ತಬಸುಮ್ ಗೋಡೆಗೆ ಒರಗಿದಳು. ಇವು ತನ್ನ ಅತ್ತೆಯದೇ ಮಾತುಗಳು. ಅತ್ತೆ ಏನೆನ್ನುತ್ತಾಳೆಂದು ಅವಳಿಗೆ ಗೊತ್ತಿದ್ದಂತೆಯೇ ಇತ್ತು.

"ಅದು ಗೋರಿ ಗಿಡ ಅಲ್ರಿ," ಎಂದಳು ಜಮಾಲಬಿ. "ನಮ್ಮ ಅಣ್ಣಿಗೇರಿ ಬೀಗತಿ ಗಿಡ."

"ಅಣ್ಣಿಗೇರಿಯವರು ಎಲ್ಲಿಂದ ತಂದ್ರಂತ?"

"ಆಕಿ ಖಬರದ ಮ್ಯಾಲಿಂದ. ಮುಚ್ಚಿಡೂದೇನೈತಿ? ಗುಲಾಬಿ ಹೂ ಸತ್ತವರ ಮ್ಯಾಲೂ ಹಾಕ್ತೀವಿ, ಮದುಮಗನ ಕೊಳ್ಳಾಗೂ ಹಾಕ್ತೀವಿ. ಗುಲಾಬಿ ಕಡೀರಿ ಅಂತ ಯಾರೂ ಅಂದಿಲ್ಲ."

"ನೋಡ್ರಿ, ಮಾತಿಗೆ ಮಾತು ಬ್ಯಾಡ. ಗಿಡ ಬೇಕೋ ಸಂಬಂಧ ಬೇಕೋ?"

"ಎರಡೂ ಬೇಕ್ರಿ. ಒಂದ ಆರಿಸ್ರಿ ಅಂದ್ರ, ಗಿಡ ಎಲ್ಲಿಗೂ ಹೋಗಂಗಿಲ್ಲ."

ನಿಜಾಮಸಾಬ ಕೆಮ್ಮಿದ. ಮುಸರತ್ ಎದ್ದಳು. ಹೋಗುವಾಗ ಅಂಗಳದಲ್ಲಿ ದಿಬ್ಬವನ್ನು ಬಳಸಿಕೊಂಡು, ಸೀರೆ ತಾಗದಂತೆ ಎತ್ತಿ ಹಿಡಿದು ನಡೆದಳು.

ಗುಡಗೇರಿಯಿಂದ ಫೋನು ಬರಲಿಲ್ಲ. ಜಾಕೀರ್ ಊಟಕ್ಕೆ ಕುಳಿತರೆ ತಟ್ಟೆ ನೋಡುತ್ತಿದ್ದ, ಹೆಂಡತಿಯನ್ನಲ್ಲ. "ದಿನಾ ಅವರ ಮನಿ ಮುಂದ ಟಂಟಂ ಹೊಡೀಬೇಕು ನಾ. ತಂಗಿ ಸಂಬಂಧ ಒಂದು ಟೊಂಗಿ ಸಲುವಾಗಿ ಮುರೀತು ಅಂತ ಸಂತ್ಯಾಗ ಮಂದಿ ಮಾತಾಡಾಕತ್ಯಾರ," ಎಂದ ಒಂದು ಮಧ್ಯಾಹ್ನ, ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು.

ತಬಸುಮ್ ತಟ್ಟೆ ಎತ್ತಿಟ್ಟಳು. ಒಲೆಯ ಬದಿಯಲ್ಲಿದ್ದ ಕೊಡಲಿ ತೆಗೆದುಕೊಂಡು ಹೊರಗೆ ಬಂದಳು. ದಿಬ್ಬದ ಮೇಲೆ ಕಾಲಿಟ್ಟು, ಎಲೆಗಳನ್ನು ಒಂದು ಕೈಯಲ್ಲಿ ಸರಿಸಿ ಕೊಡಲಿ ಎತ್ತಿದಾಗ ಅದರ ಕಾವನ್ನು ಹಿಂದಿನಿಂದ ಯಾರೋ ಹಿಡಿದರು. ಜಮಾಲಬಿ.

"ಬಿಡ್ರಿ ಅತ್ತೀ. ನಮ್ಮವ್ವ ಇದ್ದಿದ್ರೂ ಇದನ್ನ ಕಡೀ ಅಂತಿದ್ಲು. ಫರಹತ್‌ನ ಬಾಳು ದೊಡ್ಡದು."

"ನಿಮ್ಮವ್ವ ಅಂತಿದ್ಲೋ ಇಲ್ಲೋ, ನಾ ಅನ್ನಂಗಿಲ್ಲ. ಇದರ ಸಲುವಾಗಿ ಬೇಸಿಗಿ ಪೂರಾ ಆಡಿನ ಹಿಂದ ಓಡೀನಿ ನಾ. ನೀ ಒಬ್ಬಾಕಿ ಕಡಿಯಾಕ ಇದು ಈಗ ನಿಂದೊಂದ ಗಿಡ ಅಲ್ಲ."

ಫರಹತ್ ಹೊಲಿಗೆ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು. "ಭಾಬಿ, ನನ್ನ ಹೆಸರಿನ ಮ್ಯಾಲ ಕಡೀಬ್ಯಾಡ. ಇವತ್ತು ಗಿಡ ತಗೀರಿ ಅಂದವರು ನಾಳೆ ಹೊಲಿಗಿ ಮಿಷಿನ್ ತಗೀ ಅಂತಾರ. ಅಲ್ಲೀ ಮಟ ಹೋಗಿ ತಿಳಿಯೂಕಿಂತ ಇಲ್ಲೇ ತಿಳಿದ್ರ ಚೊಲೋ ಅಲ್ಲೇನು? ಅಣ್ಣಾ, ನೀನೂ ಕೇಳು. ರೊಟ್ಟಿ ಬಿಟ್ಟು ಎದ್ರ ಹೊಟ್ಟಿ ನಿಂದ ಹಸೀತೈತಿ."

ಜಾಕೀರ್ ಟಂಟಂನ ಕೀಲಿ ತಿರುವುತ್ತ ನಿಂತ. ಆಮೇಲೆ ಬಂದು ಹೆಂಡತಿಯ ಕೈಯಿಂದ ಕೊಡಲಿ ತೆಗೆದುಕೊಂಡು ಒಳಗಿಟ್ಟ. ಉಳಿದ ಅರ್ಧ ರೊಟ್ಟಿಯನ್ನು ನಿಂತೇ ತಿಂದ.

ಗುಡಗೇರಿಯ ಸಂತೆ ಕಳೆದ ಮರುದಿನ ನಿಜಾಮಸಾಬ ಒಬ್ಬನೇ ಬಸ್ಸಿನಲ್ಲಿ ಬಂದ. ಮಾಬುಸಾಬ ಕಂಬಳಿ ಹಾಸಿದ. ನಿಜಾಮಸಾಬ ಕುಳಿತು ಬೆವರು ಒರೆಸಿಕೊಂಡ.

"ಮನ್ಯಾಗ ದೊಡ್ಡ ಪಂಚಾಯ್ತಿ ಆತ್ರಿ," ಎಂದ. "ನಮ್ಮ ಮಗ ಮೌಲಾಲಿ ಅವ್ವಗ ಒಂದ ಮಾತು ಕೇಳಿದ. ಸೊಸಿ ತವರಿನ ಗಿಡಕ್ಕ ಇಷ್ಟು ಗಟ್ಟಿ ನಿಲ್ಲೂ ಮನ್ಯಾಗ ಬೆಳೆದ ಹುಡುಗಿನ ಬಿಟ್ಟು, ಇನ್ನ ಎಂಥಾಕಿನ ಹುಡುಕ್ತಿ ಅಂತ. ಆಕಿ ಎದ್ದು ಒಳಗ ಹ್ವಾದ್ಲು. ಮುಖ ಇನ್ನಾ ಊದೇತಿ, ಇಳೀತೈತಿ ಬಿಡ್ರಿ. ಗಿಡ ಇರ್ಲಿ. ನಿಶ್ಚಯ ಯಾವಾಗ ಇಟ್ಟುಕೊಳ್ಳೂಣು?"

ಮಾಬುಸಾಬ ಹೆಂಡತಿಯತ್ತ ನೋಡಿದ. ಜಮಾಲಬಿ, "ಮೊದಲ ಊಟಾ ಮಾಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಅಡಿಗೆಮನೆಯಲ್ಲಿ ಸೊಸೆಯ ಭುಜಕ್ಕೆ ಭುಜ ತಾಗಿಸಿ ನಿಂತು, "ಕೋಳಿ ಕೊಯ್ಸು. ಆ ಕೆಂಪಂದು. ದಿಬ್ಬಾ ಕೆದರತಿತ್ತಲ್ಲ, ಅದನ್ನ," ಎಂದಳು.

ನಿಶ್ಚಯದ ದಿನ ಮಳೆ ಬಿಡುವು ಕೊಟ್ಟಿತ್ತು. ಗುಡಗೇರಿಯ ಹೆಂಗಸರು ಟಂಟಂ ತುಂಬ ಬಂದಿಳಿದರು. ಅಂಗಳದಲ್ಲಿ ತೊಳೆದಂತಿದ್ದ ಎಲೆಗಳ ಮೇಲೆ ಗೊಂಚಲು ಗೊಂಚಲು ಹೂ ಬಿಟ್ಟು ಗುಲ್ಚೀನ್ ನಿಂತಿತ್ತು. ಬಂದವರಲ್ಲಿ ಒಂದಿಬ್ಬರು ಪಿಸುಗುಟ್ಟಿದರು, ಮುಸರತ್ ಅವರತ್ತ ಕಣ್ಣು ಬಿಟ್ಟಳು. ಒಳಗೆ ಫರಹತ್‌ಳನ್ನು ಮಣೆಯ ಮೇಲೆ ಕೂಡಿಸಿ ಹೂ ಮುಡಿಸುವ ಶಾಸ್ತ್ರ ನಡೆಯಿತು. ಮುಸರತ್ ತಾನು ತಂದ ಮಲ್ಲಿಗೆ ಮಾಲೆಯನ್ನು ಜಡೆಯ ಉದ್ದಕ್ಕೂ ಇಳಿಬಿಟ್ಟಳು. ಎರಡೂ ಕಡೆಯ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಮುಡಿಸಿ, ಸಕ್ಕರೆ ತಿನ್ನಿಸಿ ಹೋದರು. ರೇವವ್ವನೂ ಬಂದು ಮುಡಿಸಿದಳು.

"ಎಲ್ಲಾರದೂ ಆತಲ್ರಿ?" ಎಂದರು ಯಾರೋ.

"ಇಲ್ರಿ. ಅಣ್ಣಿಗೇರಿ ಬೀಗತೀದು ಉಳೀತು," ಎಂದಳು ಜಮಾಲಬಿ, ಎಲ್ಲರಿಗೂ ಕೇಳುವ ಹಾಗೆ. ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಸೊಸೆಯ ಕೈಯಿಂದ ತಟ್ಟೆಯನ್ನು ತಾನೇ ಇಸಿದುಕೊಂಡಳು. "ಹೋಗು. ನಿಮ್ಮವ್ವನ ಪಾಲಿಂದು ನೀ ಮುಡಸು."

ತಬಸುಮ್ ಅಂಗಳಕ್ಕೆ ಹೋದಳು. ಎಟಕುವ ಗೊಂಚಲಿನಿಂದ ಹೂವೊಂದನ್ನು ಕಿತ್ತು, ತೊಟ್ಟಿನ ಹಾಲನ್ನು ಬೆರಳಿನಿಂದ ಒರೆಸಿ, ಅದು ಜಿನುಗುವುದು ನಿಲ್ಲುವ ತನಕ ಕಾದು, ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದಳು. ಫರಹತ್‌ಳ ಜಡೆಯಲ್ಲಿ ಹೂವಿಗೆ ಹೂ ಒತ್ತಿ ಎಲ್ಲೂ ತೆರಪಿರಲಿಲ್ಲ. ಅವಳ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ತಡೆಯಿತು.

ಮುಸರತ್ ಮುಂದಕ್ಕೆ ಬಗ್ಗಿ, ಕಿವಿಯ ಮೇಲೆ ತಾನು ಮುಡಿಸಿದ್ದ ಮಲ್ಲಿಗೆಯನ್ನು ಎರಡು ಬೆರಳಿನಿಂದ ಸರಿಸಿ ಹಿಡಿದಳು.

"ಇಲ್ಲೆ ಮುಡಸು ತಂಗಿ," ಎಂದಳು. "ಮುಂದ. ಎಲ್ಲಾರಿಗೂ ಕಾಣೂ ಹಂಗ."